ಟೆಸ್ಟ್ ಸ್ಕೋರ್ ಕಳಿಸುವಾಗ ಎಡವದಿರಲು ಹೀಗೆ ಮಾಡಿ

ಅಮೆರಿಕದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ಮಕ್ಕಳು ಪರೀಕ್ಷೆಗೆ ತಿಂಗಳುಗಟ್ಟಲೆ ಓದುತ್ತಾರೆ. ಬಂದ ಸ್ಕೋರನ್ನು ತಲುಪಿಸುವ ವಿಷಯ ಮಾತ್ರ ಕೊನೆಯ ವಾರದಲ್ಲಿ ನೆನಪಾಗುತ್ತದೆ. ಅರ್ಜಿಯಲ್ಲಿ ನೀವೇ ಟೈಪ್ ಮಾಡುವ ಅಂಕ ಬೇರೆ, ಪರೀಕ್ಷೆ ನಡೆಸುವ ಸಂಸ್ಥೆ ನೇರವಾಗಿ ಕಳಿಸುವ ಅಧಿಕೃತ ಸ್ಕೋರ್ ಬೇರೆ. ಗೊಂದಲ ಶುರುವಾಗುವುದೇ ಇಲ್ಲಿ.

ಹಾಗಾಗಿ ಮೊದಲು ಪ್ರತಿ ಯೂನಿವರ್ಸಿಟಿಯ ಪ್ರವೇಶ ಪುಟ ತೆರೆದು ಓದಿ. ಎಂಐಟಿ ಡಿಗ್ರಿ ಪ್ರವೇಶಕ್ಕೆ ಬರೆಯುವ ಸ್ಯಾಟ್ ಅಥವಾ ಎಸಿಟಿ ಪರೀಕ್ಷೆಯ ಅಂಕ ಕೇಳುತ್ತದೆ, ಆದರೆ ಅರ್ಜಿ ಹಾಕುವಾಗ ನೀವೇ ಬರೆದ ಅಂಕ ಸಾಕು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಪ್ರವೇಶ ನಿರ್ಧರಿಸುವಾಗ ಇವನ್ನು ನೋಡುವುದೇ ಇಲ್ಲ. ಅಂಥ ಕಡೆಗೆ ದುಡ್ಡು ಕೊಟ್ಟು ಸುಮ್ನೆ ಯಾಕೆ ಕಳಿಸಬೇಕು, ಅಲ್ವಾ?

ಮುಂದಿನದು ಅಧಿಕೃತ ಸ್ಕೋರನ್ನು ಉಚಿತವಾಗಿ ಕಳಿಸುವ ಅವಕಾಶ. ಸ್ಯಾಟ್‌ನಲ್ಲಿ ನಾಲ್ಕು ಕಡೆಗೆ ಉಚಿತ, ಪರೀಕ್ಷೆಯಾದ 9 ದಿನದೊಳಗೆ ಯೂನಿವರ್ಸಿಟಿಗಳ ಹೆಸರು ಕೊಡಬೇಕು. ಆಗ ನಿಮ್ಮ ಅಂಕ ನಿಮಗೇ ಗೊತ್ತಿರುವುದಿಲ್ಲ. ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಟೋಫೆಲ್‌ನಲ್ಲೂ ನಾಲ್ಕು, ಆದರೆ ಪರೀಕ್ಷೆಯ ಹಿಂದಿನ ದಿನದೊಳಗೇ ಆರಿಸಿರಬೇಕು. ಸ್ನಾತಕೋತ್ತರ ಪ್ರವೇಶದ ಪರೀಕ್ಷೆಯಾದ ಜಿಆರ್‌ಇ ಕೊಡುವ ನಾಲ್ಕು ಉಚಿತ ರಿಪೋರ್ಟ್‌ಗಳು ಪರೀಕ್ಷೆಯ ದಿನಕ್ಕೆ ಮಾತ್ರ. ಗಂಟೆಗಟ್ಟಲೆ ಕೂತು ತಲೆ ಬಿಸಿಯಾಗಿರುವ ಹೊತ್ತಿನಲ್ಲಿ, ಎದುರಿನ ಪರದೆ 'ಎಲ್ಲಿಗೆ ಕಳಿಸಲಿ' ಎಂದು ಕೇಳುತ್ತದೆ. ಅಲ್ಲಿ ಕೂತು ಯೋಚಿಸುವುದು ಕಷ್ಟ. ನಾಲ್ಕು ಹೆಸರುಗಳನ್ನು ಮನೆಯಲ್ಲೇ ತೀರ್ಮಾನಿಸಿ, ಬಾಯಿಪಾಠ ಮಾಡಿಕೊಂಡು ಹೋಗಿ.

ಸ್ಕೋರ್ ಕಳಿಸುವಾಗ ಆರಿಸಲು ಯೂನಿವರ್ಸಿಟಿಗಳಿಗೆ ನಾಲ್ಕಂಕಿಯ ಕೋಡ್ ಇರುತ್ತದೆ. ಇದರ ಬಗ್ಗೆ ಜಾಸ್ತಿ ಹುಷಾರಾಗಿರಿ. 'ಮಯಾಮಿ' ಅಂತ ಹುಡುಕಿದರೆ ಒಂದು ಫ್ಲೋರಿಡಾದ್ದು, ಇನ್ನೊಂದು ಒಹಾಯೋದ್ದು. ಎರಡೂ ಬೇರೆ ಬೇರೆ ಯೂನಿವರ್ಸಿಟಿಗಳು. ತಪ್ಪಿದ್ದನ್ನು ಒತ್ತಿದರೆ ನಿಮ್ಮ ಅಂಕ ಇನ್ನೊಂದು ರಾಜ್ಯಕ್ಕೆ ಹೋಗಿ ಕೂರುತ್ತದೆ! ಹೆಸರಿನ ಜೊತೆ ಊರು, ರಾಜ್ಯವನ್ನೂ ನೋಡಿಯೇ ಒತ್ತಿ.

ಎರಡು ಸಲ ಪರೀಕ್ಷೆ ಬರೆದಿದ್ದೀರಾ? ಯಾವ ದಿನದ ಸ್ಕೋರ್ ಕಳಿಸಬೇಕೆಂದು ಸ್ಯಾಟ್‌ನಲ್ಲೂ ಜಿಆರ್‌ಇಯಲ್ಲೂ ಆರಿಸಬಹುದು. ಆದರೆ ಒಂದು ದಿನದ ಗಣಿತ, ಇನ್ನೊಂದು ದಿನದ ಇಂಗ್ಲಿಷ್ ಅಂತ ಬಿಡಿಸಿ ಕಳಿಸಲು ಬರುವುದಿಲ್ಲ. ಜಾರ್ಜ್‌ಟೌನ್ ಯೂನಿವರ್ಸಿಟಿಯಂಥ ಕೆಲವು ಕಡೆ ಬರೆದ ಎಲ್ಲ ಪರೀಕ್ಷೆಗಳ ಅಂಕವನ್ನೂ ಕೇಳುತ್ತಾರೆ. ಹಳೇ ಸ್ಕೋರ್ ಇದ್ದರೆ ಅವಧಿ ನೋಡಿ: ಜಿಆರ್‌ಇಗೆ 5 ವರ್ಷ, ಟೋಫೆಲ್‌ಗೆ 2 ವರ್ಷ.

ಹೆಸರು ಮತ್ತು ಹುಟ್ಟಿದ ದಿನ ಪಾಸ್‌ಪೋರ್ಟ್, ಪರೀಕ್ಷೆಯ ಖಾತೆ, ಅರ್ಜಿ ಮೂರರಲ್ಲೂ ಅಕ್ಷರಶಃ ಒಂದೇ ಆಗಿರಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಇದ್ದರೆ, ಸ್ಕೋರ್ ತಲುಪಿದ್ದರೂ ನಿಮ್ಮ ಅರ್ಜಿಗೆ ಸೇರದೆ ಉಳಿಯಬಹುದು.

ಜಿಆರ್‌ಇ ಅಧಿಕೃತ ಅಂಕ ಬರಲು 8ರಿಂದ 10 ದಿನ ಬೇಕು. ಅದು ಅಲ್ಲಿನ ಫೈಲಿಗೆ ಸೇರಲು ಇನ್ನಷ್ಟು ದಿನ. ಕೊನೆಯ ದಿನಕ್ಕೆ ಒಂದು ತಿಂಗಳು ಮುಂಚೆ ಕಳಿಸಿದರೆ ನಿದ್ದೆ ಕೆಡುವುದಿಲ್ಲ.

ಕಳಿಸಿದ ಮೇಲೆ ಯೂನಿವರ್ಸಿಟಿಯ ಪೋರ್ಟಲ್ ನೋಡುತ್ತಿರಿ. ಎರಡು ವಾರವಾದರೂ 'ಬಂದಿಲ್ಲ' ಅಂತಲೇ ಇದ್ದರೆ ಮತ್ತೆ ದುಡ್ಡು ಕಟ್ಟಲು ಹೋಗಬೇಡಿ. ಅರ್ಜಿ ಸಂಖ್ಯೆ, ಪರೀಕ್ಷೆಯ ದಿನ, ಕಳಿಸಿದ ರಸೀದಿ ಮೂರನ್ನೂ ಸೇರಿಸಿ ಪ್ರವೇಶ ಕಚೇರಿಗೆ ಒಂದು ಇಮೇಲ್ ಹಾಕಿ, ಹುಡುಕಿ ಜೋಡಿಸಿಕೊಡಿ ಎಂದು ಕೇಳಿ.