ಗೇಮ್ ತೆರೆದರೆ ಆರುತ್ತಿದ್ದ ಕಂಪ್ಯೂಟರ್: ಎಸ್‌ಎಂಪಿಎಸ್ ಆಯ್ದುಕೊಂಡ ಬಗೆ

ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಗೇಮ್ ತೆರೆದರೆ ಸಾಕು, ಕಂಪ್ಯೂಟರ್ ದಿಢೀರನೆ ಆರಿಹೋಗುತ್ತಿತ್ತು. ಬ್ರೌಸರ್, ಟೈಪಿಂಗ್‌ಗೆ ಯಾವ ತಕರಾರೂ ಇರಲಿಲ್ಲ. ಕ್ಯಾಬಿನೆಟ್ ಬಿಚ್ಚಿ ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮೇಲಿನ ಚೀಟಿ ಓದಿದೆ. ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣಕ್ಷರದಲ್ಲಿ, 12 ವೋಲ್ಟಿಗೆ ಬರೀ 18 ಆಂಪಿಯರ್. ಗುಣಿಸಿದರೆ 216 ವ್ಯಾಟ್! ಕಾರ್ಡ್ ಒಂದೇ 170 ಬೇಡುತ್ತದೆ, ಪ್ರೊಸೆಸರ್ 65; ಎರಡಕ್ಕೂ ಮುಖ್ಯ ಆಧಾರ ಆ 12 ವೋಲ್ಟೇ. 450ರಲ್ಲಿ ಉಳಿದ ವ್ಯಾಟುಗಳು ಯಾರ ಕಣ್ಣಿಗೆ ಮಣ್ಣೆರಚಲೋ ಕಾಣೆ.

ಅಂಗಡಿಯವರು 750 ವ್ಯಾಟಿನದೇ ಬೇಕೆಂದರು. ನನಗದು ದುಂದು ಎನಿಸಿತು. ಕಾರ್ಡ್ ತಯಾರಕರ ಶಿಫಾರಸೇ 550. 12 ವೋಲ್ಟಿನಲ್ಲಿ 45 ಆಂಪಿಯರ್ ಕೊಡುವ, 80 ಪ್ಲಸ್ ಬ್ರಾಂಜ್ ಎಂಬ ವಿದ್ಯುತ್ ದಕ್ಷತೆಯ ಗುರುತಿನ 550 ವ್ಯಾಟಿನದನ್ನು ಆರಿಸಿದೆ. ಹಳೆಯದರಿಂದ ಕಾರ್ಡಿಗೆ ವಿದ್ಯುತ್ ಕೊಡಲು ಹಾಕಿದ್ದ ಮೊಲೆಕ್ಸ್ ಪರಿವರ್ತಕವನ್ನು (4 ಪಿನ್ ಕನೆಕ್ಟರಿಗೆ ಜೋಡಿಸುವ ತಂತಿ) ಕಿತ್ತು, ಹೊಸದರ ಜೊತೆ ಬಂದ 8 ಪಿನ್ ಕೇಬಲನ್ನೇ ಕಾರ್ಡಿಗೆ ಸಿಕ್ಕಿಸಿದೆ. ಈಗ ಗಂಟೆಗಟ್ಟಲೆ ಆಡಿದರೂ ಆರುವುದಿಲ್ಲ.