0 = 0 ಬಂದರೆ ಲೆಕ್ಕ ತಪ್ಪಿಲ್ಲ

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಹತ್ತನೇ ಕ್ಲಾಸಿನ ನಾಲ್ಕೈದು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಯೊಂದನ್ನು ಅರ್ಧ ಪುಟ ಬಿಡಿಸಿ, ಅಷ್ಟಕ್ಕೂ ಗೀಟು ಹೊಡೆದು, "ಚಿಕ್ಕಿ, ಎಷ್ಟು ಸಲ ಮಾಡಿದ್ರೂ 0 = 0 ಬರ್ತದೆ" ಅಂದಳು. ಕಣ್ಣಲ್ಲಿ ನೀರು. ಲೆಕ್ಕ ಸರಿಯಾಗಿಯೇ ಇತ್ತು. ಅದೇ ಉತ್ತರ ಅಂತ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಅವತ್ತಿನಿಂದ ನಾನು ಸೂತ್ರ ಬಿಟ್ಟು ಅಂಗಡಿ ಚೀಟಿಯಿಂದ ಶುರು ಮಾಡುತ್ತೇನೆ. 2 ತೆಂಗಿನಕಾಯಿ, 3 ಪ್ಯಾಕೆಟ್ ಮುರುಗಲು ಸಿಪ್ಪೆ, ಒಟ್ಟು 180 ರೂಪಾಯಿ. ಕಾಯಿಗೆ ಕ, ಮುರುಗಲಿಗೆ ಮ ಅಂತಿಟ್ಟರೆ 2ಕ + 3ಮ = 180. ಇದೊಂದರಿಂದ ಬೆಲೆ ಸಿಗುವುದಿಲ್ಲ, ಅಲ್ವಾ? ಕಾಯಿ 30, ಮುರುಗಲು 40 ಇರಬಹುದು, ಕಾಯಿ 45, ಮುರುಗಲು 30 ಆದರೂ ಸರಿಹೋಗುತ್ತದೆ. ಇನ್ನೊಂದು ಚೀಟಿ ಬೇಕು. ಅದರಲ್ಲಿ 3ಕ + 2ಮ = 170 ಅಂತಿದ್ದರೆ 30 ಮತ್ತು 40 ಬಿಟ್ಟು ಬೇರೆ ಬೆಲೆ ಸಾಧ್ಯವೇ ಇಲ್ಲ. ಇದು ಅನನ್ಯ ಪರಿಹಾರ.

ಎರಡನೇ ಚೀಟಿ 4ಕ + 6ಮ = 360 ಆಗಿದ್ದರೆ? ಅದೇ ಸಾಮಾನನ್ನು ಎರಡು ಪಟ್ಟು ಕೊಂಡಿದ್ದೇವೆ, ಹೊಸದಾಗಿ ಏನೂ ತಿಳಿಯಲಿಲ್ಲ. ಮೊದಲ ಚೀಟಿಯನ್ನು ಎರಡರಿಂದ ಗುಣಿಸಿ ಇದನ್ನು ಕಳೆದರೆ 0 = 0. ನಕ್ಷೆಯಲ್ಲಿ ಒಂದು ಚೀಟಿಯ ಗೆರೆಯ ಮೇಲೆ ಇನ್ನೊಂದು ಚೀಟಿಯ ಗೆರೆ ಕೂರುತ್ತದೆ, ಪರಿಹಾರಗಳು ಅಪರಿಮಿತ. ಮೊತ್ತ 350 ಅಂತ ಬರೆದಿದ್ದರೆ ಮಾತ್ರ ಎರಡು ಚೀಟಿಗೂ ತಾಳೆಯಾಗುವ ಬೆಲೆಯೇ ಇಲ್ಲ. ಕಳೆದಾಗ 0 = 10 ಬರುತ್ತದೆ, ಗೆರೆಗಳು ಸಮಾಂತರ. ಇಷ್ಟು ಅರ್ಥವಾದ ಮೇಲೆ ಸಹಗುಣಕಗಳ (ಕ, ಮ ಜೊತೆಗಿರುವ ಸಂಖ್ಯೆಗಳ) ಮತ್ತು ಮೊತ್ತಗಳ ಅನುಪಾತ ಹೇಳಿದರೆ ಮಕ್ಕಳು ತಾವೇ ಹಿಡಿಯುತ್ತಾರೆ: 2/4, 3/6, 180/360 ಮೂರೂ ಒಂದೇ, 180/350 ಬೇರೆ.

ಜಾಸ್ತಿ ಅಂಕ ಹೋಗುವುದು ಚಿಹ್ನೆಯಲ್ಲಿ. ಒಂದು ಸಮೀಕರಣ 2ಕ + 3ಮ = 180, ಇನ್ನೊಂದು 4ಕ + 6ಮ − 360 = 0 ಅಂತ ಕೊಟ್ಟಿರುತ್ತಾರೆ. ಸುಮ್ನೆ ಕಣ್ಣಿಗೆ ಕಂಡಂತೆ 180/−360 ಬರೆದರೆ 'ಪರಿಹಾರವಿಲ್ಲ' ಎಂಬ ತಪ್ಪು ಉತ್ತರ ಬರುತ್ತದೆ. ನಾನೂ ಹೈಸ್ಕೂಲಿನಲ್ಲಿ ಹೀಗೇ ಮಾಡಿದ್ದೆ. ಎರಡರಲ್ಲೂ ಸ್ಥಿರಾಂಕವನ್ನು (180, 360 ಥರದ ಒಂಟಿ ಸಂಖ್ಯೆಯನ್ನು) ಒಂದೇ ಕಡೆಗೆ ತಂದ ಮೇಲೆಯೇ ಅನುಪಾತ ನೋಡಬೇಕು.

2ಕ = 60, 3ಮ = 120 ಥರದ ಜೋಡಿ ಬಂದಾಗ ಮೊದಲನೆಯದರಲ್ಲಿ ಮ ಇಲ್ಲ, ಎರಡನೆಯದರಲ್ಲಿ ಕ ಇಲ್ಲ, ಅವುಗಳ ಸಹಗುಣಕ ಸೊನ್ನೆ. ಹಾಗಾಗಿ ಅನುಪಾತ ಬರೆದರೆ ಸೊನ್ನೆಯಿಂದ ಭಾಗಿಸುವ ತೊಂದರೆ ಬರುತ್ತದೆ. ಅದಕ್ಕೆ ನಾನು ಅಡ್ಡ ಗುಣಾಕಾರ ಮಾಡಿಸುತ್ತೇನೆ: 2 × 3 − 0 × 0 = 6. ಸೊನ್ನೆ ಬರಲಿಲ್ಲ ಅಂದರೆ ಒಂದೇ ಪರಿಹಾರ. ಸೊನ್ನೆ ಬಂದರೆ ಮಾತ್ರ ಮೊತ್ತದ ಕಡೆ ನೋಡುವುದು. ಅಕ್ಕನ ಮಗಳು ಈಗ ಬಿಡಿಸುವ ಮೊದಲೇ ಪುಟದ ಅಂಚಿನಲ್ಲಿ ಇದನ್ನು ಬರೆದುಕೊಳ್ಳುತ್ತಾಳೆ.