ಸೊಸೆಯ ಮನೆತನ ಹುಡುಕುತ್ತ 1620ರವರೆಗೆ

ನನ್ನ ಸೊಸೆ ಅಮೆರಿಕದ ಮ್ಯಾಸಚೂಸೆಟ್ಸ್‌ನವಳು. ಅವಳ ತಂದೆಯ ಕಡೆ ಹೌಲ್ಯಾಂಡ್ ಎಂಬ ಮನೆತನ ಸೇರಿದೆ. 1620ರಲ್ಲಿ ಇಂಗ್ಲೆಂಡಿನಿಂದ ವಲಸೆಗಾರರನ್ನು ಹೊತ್ತು ಬಂದ ಮೇಫ್ಲವರ್ ಹಡಗಿನಲ್ಲಿದ್ದ ಜಾನ್ ಹೌಲ್ಯಾಂಡನೇ ತಮ್ಮ ಮೂಲಪುರುಷ ಎಂದು ಆ ಮನೆಯವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. ಆದರೆ ಕಾಗದ ಯಾರ ಬಳಿಯೂ ಇರಲಿಲ್ಲ. ನಾನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಮಗನ ಮನೆಗೆ ಬಂದಾಗ ಬೀಗರು ಇದನ್ನು ನನ್ನ ಕೈಗೆ ಕೊಟ್ಟರು. ಮೊಮ್ಮಗಳ ವಂಶವೃಕ್ಷದಲ್ಲಿ ನಮ್ಮ ಕಡೆಯದಷ್ಟೇ ಇದ್ದು ತಾಯಿಯ ಕಡೆ ಖಾಲಿ ಇರುವುದು ನನಗೂ ಸರಿ ಕಾಣಲಿಲ್ಲ.

ಜಾನ್ ಹೌಲ್ಯಾಂಡ್ ದೊಡ್ಡ ಮನುಷ್ಯನೇನಲ್ಲ. ಆ ವಲಸೆಗಾರರು ನೆಲೆಸಿದ ಪ್ಲಿಮತ್‌ನ ಮೊದಲ ಗವರ್ನರ್ ಆದ ಜಾನ್ ಕಾರ್ವರ್ ಎಂಬವರ ಸೇವಕನಾಗಿ ಬಂದವನು. ಬಿರುಗಾಳಿಯಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದು, ನೇತಾಡುತ್ತಿದ್ದ ಹಾಯಿಹಗ್ಗ ಹಿಡಿದು ಬದುಕಿದ. ಮುಂದೆ ಅದೇ ಹಡಗಿನಲ್ಲಿ ಬಂದಿದ್ದ ಎಲಿಜಬೆತ್ ಟಿಲ್ಲಿಯನ್ನು ಮದುವೆಯಾದ. ಅವರ 10 ಮಕ್ಕಳೂ ಬೆಳೆದು ದೊಡ್ಡವರಾಗಿ ಸಂಸಾರವಂತರಾದರು. ಆದ್ದರಿಂದಲೇ ಅವನ ವಂಶಸ್ಥರು ಇಂದು ಅಮೆರಿಕದ ತುಂಬ ಇದ್ದಾರೆ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು ಎಲ್ಲರೂ ಆ ಪೈಕಿಯವರು.

ಮೂಲಪುರುಷನಿಂದ ಕೆಳಗಿಳಿಯುವ ಆಸೆ ಎಲ್ಲರಿಗೂ ಆಗುತ್ತದೆ. ನಾನು ಅದಕ್ಕೆ ಒಪ್ಪಲಿಲ್ಲ. ಆಸ್ತಿಯ ಹಕ್ಕು ನೋಡುವಾಗ ಇಂದಿನ ಮಾಲೀಕನಿಂದ ಶುರುಮಾಡಿ, ಅವನಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಎಂದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗುತ್ತೇವಲ್ಲ, ಇಲ್ಲೂ ಹಾಗೆಯೇ ಹೋದೆ. ಇಂಥವರು ಇಂಥವರ ಮಗು ಎಂದು ಹೇಳುವ ಪತ್ರ ಪ್ರತಿ ಮೆಟ್ಟಿಲಿಗೂ ಬೇಕು. 1850ರವರೆಗೆ ಹಿಂದಕ್ಕೆ ಹೋಗುವುದು ಸುಲಭ. ಆ ವರ್ಷದ ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರಿದೆ. ಮ್ಯಾಸಚೂಸೆಟ್ಸ್‌ನಲ್ಲಂತೂ 1841ರಿಂದಲೇ ಇಡೀ ರಾಜ್ಯದ ಜನನ, ಮದುವೆ, ಮರಣ ನೋಂದಣಿ ಸಿಗುತ್ತದೆ. ಅದರಾಚೆ, 1790ರಿಂದ 1840ರವರೆಗಿನ ಗಣತಿಗಳಲ್ಲಿ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ಬರೀ ಅಂಕಿ. ಹೆಂಡತಿ, ಹೆಣ್ಣುಮಕ್ಕಳು ಅಲ್ಲಿ ಕಾಣುವುದೇ ಇಲ್ಲ.

ಬೀಗರ ಹೌಲ್ಯಾಂಡರು ನ್ಯೂ ಬೆಡ್‌ಫರ್ಡಿನವರು, ತಿಮಿಂಗಿಲ ಬೇಟೆಯ ಹಡಗುಗಳ ಊರು ಅದು. ಅಲ್ಲಿಂದ ಹಿಂದೆ ಸರಿದಂತೆ ಪಕ್ಕದ ಡಾರ್ಟ್‌ಮತ್‌ನ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಸಭೆಯ ಪುಸ್ತಕಗಳು ಎದುರಾದವು. ಕ್ವೇಕರರ ದಾಖಲೆಗಳ ಬಗ್ಗೆ ನನಗೆ ಅಪಾರ ಗೌರವ. ಮದುವೆಯ ಪತ್ರಕ್ಕೆ ಅಲ್ಲಿ ಸೇರಿದ್ದ ನೆಂಟರಿಷ್ಟರು ಸಾಕ್ಷಿಗಳಾಗಿ ಸಹಿ ಹಾಕಿರುತ್ತಾರೆ. ಒಂದು ಮದುವೆಪತ್ರದಿಂದ ಅರ್ಧ ಬಂಧುಬಳಗ ತಿಳಿದುಬಿಡುತ್ತದೆ. ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಬರೆಯುತ್ತಿದ್ದರು. 1752ಕ್ಕಿಂತ ಮುಂಚೆ ಮಾರ್ಚ್ ಮೊದಲನೆಯದು, ಹಾಗಾಗಿ ಹನ್ನೊಂದನೆಯದು ಎಂದರೆ ಜನವರಿ. ಇದು ನೆನಪಿಲ್ಲದಿದ್ದರೆ ಮದುವೆಗೆ ಮೊದಲೇ ಮಗು ಹುಟ್ಟಿದಂತೆ ಲೆಕ್ಕ ಬರುವುದುಂಟು.

ಮೆಟ್ಟಿಲುಗಳೆಲ್ಲ ಗಟ್ಟಿಯಾಗಿಯೇ ಕೂತವು. ಆದರೆ ಅವು ಮುಟ್ಟಿದ್ದು ಜಾನ್‌ನನ್ನಲ್ಲ, ಹೆನ್ರಿ ಹೌಲ್ಯಾಂಡನನ್ನು. ಜಾನ್‌ನ ತಮ್ಮಂದಿರಾದ ಆರ್ಥರ್ ಮತ್ತು ಹೆನ್ರಿ ಆಮೇಲೆ ಬೇರೆ ಹಡಗಿನಲ್ಲಿ ಪ್ಲಿಮತ್‌ಗೆ ಬಂದವರು. ಹೆನ್ರಿಯ ಮಗ ಜೋಯೆತ್‌ನ ಸಂತತಿ ಡಾರ್ಟ್‌ಮತ್‌ನಲ್ಲಿ ಬೆಳೆಯಿತು. ನ್ಯೂ ಬೆಡ್‌ಫರ್ಡಿನ ಹೆಸರಾಂತ ಹಡಗು ವ್ಯಾಪಾರಿ ಹೌಲ್ಯಾಂಡರೂ ಅದೇ ಕವಲು. ಹೌಲ್ಯಾಂಡ್ ಎಂಬ ಹೆಸರಿದ್ದ ಮಾತ್ರಕ್ಕೆ ಮೇಫ್ಲವರ್ ಎಂದುಕೊಳ್ಳುವ ಹಾಗಿಲ್ಲ. ಬೀಗರಿಗೆ ಹೇಳುವಾಗ ನನಗೆ ಸಂಕಟವಾಯಿತು, ಅವರು ಮಾತ್ರ ಸಮಾಧಾನವಾಗಿ ಕೇಳಿದರು.

ಇಷ್ಟಾದ ಮೇಲೆ ಬೀಗಿತ್ತಿಯ ಕಡೆಯನ್ನೂ ನೋಡಿದೆ. ಅವರ ಹಿರಿಯರು ಮೇನ್ ರಾಜ್ಯದ ರೈತರು, ಯಾವ ಮೂಲಪುರುಷನ ಮಾತನ್ನೂ ಆಡಿದವರಲ್ಲ. 1820ರವರೆಗೆ ಮೇನ್ ಮ್ಯಾಸಚೂಸೆಟ್ಸ್‌ನ ಭಾಗವೇ ಆಗಿತ್ತು. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಜಮೀನು ಹುಡುಕಿಕೊಂಡು ಕರಾವಳಿಯ ಊರುಗಳ ಜನ ಅಲ್ಲಿಗೆ ಹೋಗಿ ನೆಲೆಸಿದರು. ಆ ಮನೆಯ ಹಿರಿಯನೊಬ್ಬ ಆ ಯುದ್ಧದ ಸಿಪಾಯಿ. 1836 ಮತ್ತು 1838ರ ಕಾಯಿದೆಗಳು ಸಿಪಾಯಿಗಳ ವಿಧವೆಯರಿಗೂ ಪಿಂಚಣಿ ಕೊಟ್ಟವು. ಮದುವೆಯಾಗಿದ್ದಕ್ಕೆ ಮಾತ್ರ ರುಜುವಾತು ಬೇಕು. ಪಾಪ, ಎಷ್ಟೋ ಮುದುಕಿಯರು ಮನೆಯ ಬೈಬಲ್ಲಿನಿಂದ ಮದುವೆ, ಮಕ್ಕಳ ಜನನ ಬರೆದಿಟ್ಟ ಹಾಳೆಯನ್ನೇ ಕಿತ್ತು ಸರ್ಕಾರಕ್ಕೆ ಕಳಿಸಿದರು. ಅವು ಇಂದಿಗೂ ನ್ಯಾಷನಲ್ ಆರ್ಕೈವ್ಸ್‌ನ ಪಿಂಚಣಿ ಕಡತಗಳಲ್ಲಿವೆ. ನಮ್ಮ ಸಿಪಾಯಿಯ ಕಡತದಲ್ಲೂ ಅಂಥ ಹಾಳೆ ಸಿಕ್ಕಿತು. ಇಂಥ ಹಾಳೆಯಲ್ಲಿ ನಾನು ಮೊದಲು ನೋಡುವುದು ಶಾಯಿ ಮತ್ತು ಕೈಬರಹ. ನಲವತ್ತು ವರ್ಷಗಳ ಸಂಗತಿ ಒಂದೇ ಕೈ, ಒಂದೇ ಶಾಯಿಯಲ್ಲಿದ್ದರೆ ಅದು ಆಮೇಲೆ ನೆನಪಿನಿಂದ ಬರೆದದ್ದು. ಇದರಲ್ಲಿ ಶಾಯಿ ಹಲವು ಬಗೆಯದಾಗಿತ್ತು. ವಿಧವೆಯ ಹೇಳಿಕೆಯ ಪ್ರಕಾರ ಮದುವೆ ನಡೆದದ್ದು ಮ್ಯಾಸಚೂಸೆಟ್ಸ್ ಕರಾವಳಿಯ ಕೇಪ್ ಕಾಡ್‌ನ ಬಾರ್ನ್‌ಸ್ಟೇಬಲ್‌ನಲ್ಲಿ.

ಅಲ್ಲಿ ಆ ವಿಧವೆಯ ಹೆಸರಿನ ಹುಡುಗಿ ಚಿಪ್‌ಮನ್ ಮನೆತನದಲ್ಲಿ ಹುಟ್ಟಿದ ದಾಖಲೆ ಇದೆ. ಆದರೆ ಅವಳೇ ಇವಳು ಎನ್ನಲು ಏನು ಆಧಾರ? ಹೆಣ್ಣುಮಕ್ಕಳ ವಿಷಯದಲ್ಲಿ ಕಷ್ಟವಿರುವುದೇ ಇಲ್ಲಿ. ತವರಿನ ಹೆಸರು ಹೋಗಿ ಗಂಡನ ಹೆಸರು ಬಂದ ಕೂಡಲೇ ಎಳೆ ಕಡಿಯುತ್ತದೆ. ಕ್ರಯಪತ್ರಗಳನ್ನು ನೋಡೋಣವೆಂದರೆ 1827ರಲ್ಲಿ ಬಾರ್ನ್‌ಸ್ಟೇಬಲ್ ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದು ಆ ಕೌಂಟಿಯ, ಅಂದರೆ ಜಿಲ್ಲೆಯ, ಕ್ರಯಪತ್ರಗಳ ಸಂಪುಟಗಳು ಬಹುಪಾಲು ಸುಟ್ಟುಹೋಗಿವೆ. ಚೆಕ್ಕುಬಂದಿ ಓದಿ ನೆರೆಹೊರೆಯವರನ್ನು ಗುರುತಿಸುವ ನನ್ನ ಕಸುಬು ಅಲ್ಲಿ ನಡೆಯಲಿಲ್ಲ. ವಿಲ್‌ಗಳ ಪುಸ್ತಕಗಳು ಉಳಿದದ್ದು ಪುಣ್ಯ. ಹುಡುಗಿಯ ತಂದೆಯ ವಿಲ್‌ನಲ್ಲಿ ಮಗಳನ್ನು ಗಂಡನ ಹೆಸರಿನೊಂದಿಗೇ ಬರೆದಿದ್ದರು. ಅದರ ಜೊತೆಗಿದ್ದ ಒಂದು ರಶೀದಿ ಎಲ್ಲ ಅನುಮಾನವನ್ನೂ ನಿವಾರಿಸಿತು. ಮದುವೆಯಾದ ಹೆಣ್ಣಿನ ಪಾಲನ್ನು ಆಗಿನ ಕಾನೂನಿನಂತೆ ಗಂಡನೇ ಪಡೆಯುತ್ತಿದ್ದ. ಹೆಂಡತಿಯ ಪಾಲು ಮುಟ್ಟಿತೆಂದು ಮೇನ್‌ನ ಅದೇ ಊರಿನ ಹೆಸರು ಬರೆದು, ಅದೇ ಸಿಪಾಯಿ ಸಹಿ ಹಾಕಿದ್ದ. ವಿಲ್ ಓದಿ ಮುಗಿಸುವವರು ದಯವಿಟ್ಟು ಅದರ ಹಿಂದಿರುವ ಪಟ್ಟಿ, ರಶೀದಿ, ಲೆಕ್ಕಗಳನ್ನೂ ಬಿಡದೆ ಓದಿ.

ಬಾರ್ನ್‌ಸ್ಟೇಬಲ್‌ನ ಚಿಪ್‌ಮನ್‌ರ ಮೂಲದಲ್ಲಿರುವವಳು ಹೋಪ್, ಜಾನ್ ಹೌಲ್ಯಾಂಡನ ಮಗಳು. ಮೇಫ್ಲವರ್‌ನವರ ಮೊದಲ ಐದು ತಲೆಮಾರುಗಳ ಮೇಲೆ ಬೇರೆಯವರು ಮಾಡಿ ಅಚ್ಚುಹಾಕಿದ ಕೆಲಸ ಬಹಳ ಚೆನ್ನಾಗಿದೆ. ಹಾಗಿದ್ದೂ ಮೂಲ ಪತ್ರಗಳನ್ನು ಓದದೆ ನನಗೆ ನಿದ್ದೆ ಬರಲಿಲ್ಲ. ಜಾನ್ ವಿಲ್ ಬರೆದದ್ದು 1672ರ ಮೇ 29ರಂದು. ಆರು ಹೆಣ್ಣುಮಕ್ಕಳಿಗೆ ತಲಾ 20 ಶಿಲ್ಲಿಂಗ್, ಎಲ್ಲರ ಹೆಸರೂ ಗಂಡಂದಿರ ಮನೆತನದೊಂದಿಗೆ: ಡಿಸೈರ್ ಗೋರಮ್, ಹೋಪ್ ಚಿಪ್‌ಮನ್, ಹೀಗೆ. ಎಲಿಜಬೆತ್ 1686ರ ಡಿಸೆಂಬರ್‌ನಲ್ಲಿ ಬರೆದ ವಿಲ್ ಇನ್ನೂ ಹತ್ತಿರವಾಗುತ್ತದೆ. ಒಬ್ಬ ಮಗಳಿಗೆ ಹಾಸಿಗೆ, ಇನ್ನೊಬ್ಬಳಿಗೆ ಜೊತೆ ಹೊದಿಕೆ, ಒಬ್ಬ ಮೊಮ್ಮಗಳಿಗೆ ನಾಲ್ಕು ಕುರಿ. ಅದರಲ್ಲಿ ಹೋಪ್‌ಳ ಹೆಸರಿಲ್ಲ. ಅವಳು ಅಷ್ಟರಲ್ಲಿ ತೀರಿಕೊಂಡಿದ್ದಳು. ಬಾರ್ನ್‌ಸ್ಟೇಬಲ್‌ನ ಲೋತ್ರಪ್ ಹಿಲ್ ಸ್ಮಶಾನದಲ್ಲಿ ಅವಳ ಕಲ್ಲು ಇಂದಿಗೂ ಇದೆ. ಅದರ ಮೇಲೆ ಜನವರಿ 8, 1683 ಎಂದಿದೆ. ಆಗ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಆದ್ದರಿಂದ ನಮ್ಮ ಲೆಕ್ಕಕ್ಕೆ ಅದು 1684. ವಿಲ್‌ನಲ್ಲಿ ಹೆಸರಿಲ್ಲವೆಂದು ಮಗಳನ್ನು ಕೈಬಿಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಲಿಜಬೆತ್‌ಳನ್ನು ಬಹಳ ಕಾಲ ಗವರ್ನರ್ ಕಾರ್ವರನ ಮೊಮ್ಮಗಳೆಂದು ನಂಬಿದ್ದರು. ಪ್ಲಿಮತ್‌ನ ಗವರ್ನರ್ ಬ್ರಾಡ್‌ಫರ್ಡ್‌ನ ಹಸ್ತಪ್ರತಿ ಕಾಣೆಯಾಗಿತ್ತು. ಅದು ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ 1856ರಲ್ಲಿ ಅಚ್ಚಾದಾಗ, ಅವಳು ಜಾನ್ ಟಿಲ್ಲಿಯ ಮಗಳು ಎಂದು ಅದರಲ್ಲೇ ಬರೆದಿತ್ತು. ದೊಡ್ಡ ಮನೆತನದ ಕಥೆಯನ್ನು ಬಿಟ್ಟುಕೊಡಲು ಆಗಲೂ ಎಷ್ಟೋ ಮಂದಿಗೆ ಕಷ್ಟವಾಗಿರಬೇಕು.

ಬೀಗಿತ್ತಿಗೆ ಪತ್ರಗಳನ್ನು ಮೆಟ್ಟಿಲಿಗೊಂದರಂತೆ ಜೋಡಿಸಿ ಕೊಟ್ಟಿದ್ದೇನೆ. ಪ್ರತಿ ಪುಟದ ಕೆಳಗೆ ಅದು ಯಾವ ಕಚೇರಿಯ ಯಾವ ಸಂಪುಟದ್ದು ಎಂದು ಬರೆದಿದ್ದೇನೆ. ಮೂಲದ ಗುರುತಿಲ್ಲದ ನಕಲಿನಿಂದ ಮುಂದಿನವರಿಗೆ ಉಪಯೋಗವಿಲ್ಲ. ಆ ಸಿಪಾಯಿಯ ಉಳಿದ ಮಕ್ಕಳಲ್ಲಿ ಇಬ್ಬರು ಪಶ್ಚಿಮಕ್ಕೆ, ಒಹಾಯೋ ಕಡೆಗೆ ಹೋದಂತೆ ಕಾಣುತ್ತದೆ. ಸದ್ಯ ಅಲ್ಲಿನ ಕೌಂಟಿ ಪುಸ್ತಕಗಳನ್ನು ಓದುತ್ತಿದ್ದೇನೆ.